ಬೆಣ್ಣೆ ದೋಸೆ, ಅದರ ತೆಳ್ಳನೆ ಚಟ್ನಿ

ಹರಿಹರದಿಂದ ದಾವಣಗೆರೆಗೆ ಬಟ್ಟೆಬರೆ ತರೋಕೆ ಹೋದೋರು ಬೆಣ್ಣೆ ದೋಸೆ ತಿನ್ನದೆ ವಾಪಸ್ ಬರಲ್ಲ. ಮನೆಗೆ ಬಂದ್ಮೇಲೆ ಎಲ್ರದ್ದೂ ಒಂದೇ ಮಾತು: ಆ ಚಟ್ನಿ ಹೆಂಗೆ ಮಾಡ್ತಾರೆ?

ಮೊದ್ಲು ದೋಸೆ ಕಥೆ ಕೇಳ್ರಿ. 1928ರಲ್ಲಿ ಬೆಳಗಾವಿ ಕಡೆ ಬಿದಕಿ ಊರಿಂದ ಚೆನ್ನಮ್ಮ ಅನ್ನೋರು ಮಕ್ಕಳನ್ನ ಕರ್ಕೊಂಡು ದಾವಣಗೆರೆಗೆ ಬಂದ್ರಂತೆ. ನಾಟಕದ ಥೇಟ್ರು ಹತ್ರ ದೋಸೆ ಹಾಕಿ ಮಾರಿದ್ರಂತೆ. ಆಗ ಅದು ರಾಗಿ ದೋಸೆ. 1938ರ ಹೊತ್ತಿಗೆ ಅವರ ಮಕ್ಕಳು ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ ರುಬ್ಬಿದ ಹಿಟ್ಟಿಗೆ ಬಂದ್ರು, ಬೆಣ್ಣೆನೂ ಹಾಕಿದ್ರು ಅಂತಾರೆ. ಮಂಡಕ್ಕಿ ಭಟ್ಟಿಗಳ ಊರಲ್ಲಿ ಅದಕ್ಕೇನು ಬರ!

ಬೆಣ್ಣೆ ಜಿಡ್ಡಿಗೆ ಗಟ್ಟಿ ಕಾಯಿಚಟ್ನಿ ಸೇರಲ್ಲ. ತೆಳ್ಳಗಿರ್ಬೇಕು, ಖಾರ ಇರ್ಬೇಕು. ನಮ್ಮನೇಲಿ ಒಂದು ಬಟ್ಲು ಕಾಯಿತುರಿಗೆ ಅರ್ಧ ಬಟ್ಲು ಪುಟಾಣಿ, ಆರು ಹಸಿಮೆಣಸಿನಕಾಯಿ, ಉಪ್ಪು ಹಾಕಿ ನುಣ್ಣಗೆ ರುಬ್ತೀವಿ. ಆಮೇಲೆ ಮಜ್ಜಿಗೆ ಹದಕ್ಕೆ ನೀರು ಬಿಡ್ತೀವಿ. ದೋಸೆ ಅದರಲ್ಲಿ ನೆನೀಬೇಕು, ಅಷ್ಟೇ ಗುಟ್ಟು.

ಹೋಟ್ಲು ತಿಂಡಿ ಅಂತ ನಾವು ಅಂತೀವಿ. ಆದ್ರೆ ಅದರ ಮೊದಲ ಒಲೆ ಹಚ್ಚಿದ್ದು ಮಕ್ಕಳ ಜೊತೆ ಊರು ಬಿಟ್ಟು ಬಂದ ಒಬ್ಬ ತಾಯಿ. ಬಡಿಸುವಾಗ ನಿಮ್ಮ ಮಕ್ಕಳಿಗೆ ಚೆನ್ನಮ್ಮನ ಹೆಸರನ್ನೂ ಹೇಳ್ರಿ.