ಸಕ್ಕರೆಗಿಂತ ಮುಂಚೆ

ಆಫೀಸಲ್ಲಿ ಯಾರಾದ್ರೂ ಊರು ಕೇಳಿದಾಗ ‘ಮಂಡ್ಯ’ ಅಂದ್ರೆ ಸಾಕು, ‘ಓ, ಕಬ್ಬು!’ ಅಂತಾರೆ. ಬಿ.ಇ. ಮುಗಿಸೋವರೆಗೂ ನಾನೂ ಹಾಗೇ ಅಂದ್ಕೊಂಡಿದ್ದೆ, ನಮ್ಮ ತಾತನ ತಾತನೂ ಕಬ್ಬೇ ಬೆಳೀತಿದ್ದ ಅಂತ. ಅಜ್ಜಿ ನಕ್ಕುಬಿಟ್ಟಳು. “ನಾಲೆ ಬರೋ ಮುಂಚೆ ಬರೀ ರಾಗಿ, ಹುರುಳಿ ಅಂತ ನಮ್ಮಪ್ಪ ಹೇಳೋರು ಕಣ್ಲಾ. ಮಳೆ ಉಯ್ನಿಲ್ಲ ಅಂದ್ರೆ ಅದೂವೆ ಇಲ್ಲ.”

ಲೆಕ್ಕ ಹಾಕಿ ನೋಡಿ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. ಅಲ್ಲಿಂದ ನೀರು ತಂದದ್ದು ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ. ನೀರಿನ ಹಿಂದೆ ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ನಿಂತವರು ಲೆಸ್ಲಿ ಕೋಲ್ಮನ್, ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆ ನಡೆಸಿದವರು. 1939ರಲ್ಲಿ ಮಂಡ್ಯ, ಮೈಸೂರು ಜಿಲ್ಲೆಯಿಂದ ಬೇರೆಯಾಗಿ ತಾನೇ ಜಿಲ್ಲೆಯಾಯಿತು.

ಅಂದ್ರೆ ನಮ್ಮ ‘ಸಕ್ಕರೆ ನಾಡಿ’ಗೆ ಇನ್ನೂ ನೂರು ವರ್ಷ ತುಂಬಿಲ್ಲ. ಇನ್ನೊಂದು ಮಾತು: ಇವತ್ತು ನೀರು ನಿಂತಿರೋ ಜಾಗದಲ್ಲಿ ಹಳೇ ಕನ್ನಂಬಾಡಿ ಊರಿತ್ತು. ಅಲ್ಲಿನವರು ಮನೆ, ಹೊಲ ಬಿಟ್ಟು ಎದ್ದರು. ನಮ್ಮೂರಿಗೆ ನಾಲೆ ಬಂತು. ಕಟ್ಟೆಯನ್ನ ನಾವು ಇವತ್ತಿಗೂ ಆ ಊರಿನ ಹೆಸರಲ್ಲೇ ಕರೀತೀವಿ.

ಮುಂದಿನ ಸಲ ‘ಓ, ಕಬ್ಬು!’ ಅಂದವರಿಗೆ ಮೊದಲು ಆ ಊರಿನ ಕತೆ ಹೇಳ್ತೀನಿ.