ಗಾಳದ ಹಿಟ್ಟಿಗೂ ಒಂದು ಚರಿತ್ರೆ

ಕೆರೆ ಏರಿ ಮೇಲೆ ಗಾಳ ಹಾಕಿ ಕೂತವರ ಪಕ್ಕ ಒಂದು ಕವರ್ ಇರುತ್ತದೆ. ಅದರಲ್ಲಿ ಕಲಸಿದ ಮೈದಾ ಹಿಟ್ಟು, ಇಲ್ಲವೇ ರಾತ್ರಿ ಉಳಿದ ಮುದ್ದೆ. 'ಕೆಲಸ ಇಲ್ಲದವರ ಕೆಲಸ' ಎಂದು ಆಡಿಕೊಳ್ಳುವವರಿಗೆ ನಾವು ಒಂದು ಹಳೇ ಸಂಗತಿ ಹೇಳುತ್ತೇವೆ.

ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ (1126–1138) ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಅದರ 'ಮತ್ಸ್ಯವಿನೋದ' ಭಾಗದಲ್ಲಿ ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಏನು ತಿನ್ನಿಸಬೇಕು, ಗಾಳ ಹೇಗೆ ಹಾಕಬೇಕು ಎಂದೆಲ್ಲ ಇದೆ. ಹಿಟ್ಟಿನ ಉಂಡೆಯೂ ಇದೆ.

ಅರಮನೆಯ ದೊರೆಗೆ ಇದನ್ನೆಲ್ಲ ಹೇಳಿಕೊಟ್ಟವರು ನೀರಿನ ದಡದ ಜನರೇ ಇರಬೇಕು. ದೊರೆಯ ಹೆಸರು ಉಳಿಯಿತು, ಅವರದು ಉಳಿಯಲಿಲ್ಲ. ಯಾವ ಮೀನಿಗೆ ಯಾವ ಹಿಟ್ಟು ಎಂದು ಬಲ್ಲ ಹಿರಿಯರು ನಿಮ್ಮೂರಲ್ಲಿದ್ದರೆ ಕೇಳಿ ಬರೆದಿಡಿ, ಅವರ ಹೆಸರಿನ ಸಮೇತ.