ಮುಚ್ಚಂಜೆಯ ಕೊಲ್ಲಿಗೆ ಬಂದವರು

ನ್ಯೂಜಿಲೆಂಡಿನ ದಕ್ಷಿಣದ್ವೀಪದ ನೈರುತ್ಯಭಾಗದಲ್ಲಿ ಪರ್ವತಗಳು ನೆಟ್ಟಗೆ ಕಡಲಿಗೆ ಇಳಿದಿರುವ ಪ್ರದೇಶವೊಂದುಂಟು. ಹಿಮಯುಗದಲ್ಲಿ ಅಲ್ಲಿಯ ಹಿಮನದಿಗಳು ಮಂದಗತಿಯಿಂದ ಜಾರುತ್ತ, ತಮ್ಮೊಡನೆ ಎಳೆದೊಯ್ದ ಬಂಡೆಗಳಿಂದಲೇ ಕಣಿವೆಗಳನ್ನು ಉಜ್ಜಿ ಕೊರೆದುವು. ಹಿಮವು ಕರಗಿದ ಬಳಿಕ ಸಮುದ್ರವು ಒಳನುಗ್ಗಿ ಆ ಕಣಿವೆಗಳನ್ನು ತುಂಬಿತು. ಇಂತಹ ಕೊಲ್ಲಿಗೆ ನಾರ್ವೆಯವರ ಭಾಷೆಯಲ್ಲಿ ಫಿಯೋರ್ಡ್ ಎಂದು ಹೆಸರು. ಅಲ್ಲಿಯ ಫಿಯೋರ್ಡುಗಳಲ್ಲಿ ಡಸ್ಕಿ ಸೌಂಡ್ ಎಂಬುದು ಸುಮಾರು 40 ಕಿಲೋಮೀಟರು ಉದ್ದವಾದುದು. ಇಂದಿಗೂ ಅಲ್ಲಿಗೆ ಗಾಡಿಯ ದಾರಿಯಿಲ್ಲ. ಹಡಗಿನಿಂದಲೋ ವಿಮಾನದಿಂದಲೋ, ಇಲ್ಲವೆ ಕೆಸರಿನ ಕಾಡುಹಾದಿಯನ್ನು ದಿನಗಟ್ಟಲೆ ತುಳಿದೋ ಹೋಗಬೇಕು.

1770ರ ಮಾರ್ಚಿಯಲ್ಲಿ ಕಪ್ತಾನ ಜೇಮ್ಸ್ ಕುಕ್ಕನು ಈ ಕೊಲ್ಲಿಯ ಬಾಯನ್ನು ಕಂಡನು. ಆಗ ಮುಚ್ಚಂಜೆ, ಕತ್ತಲಾಗುವುದರೊಳಗೆ ಒಳಹೊಗಲು ಆಗದೆ, ಆ ಹೊತ್ತಿನ ಹೆಸರನ್ನೇ ಅದಕ್ಕಿಟ್ಟು ಮುಂದೆ ಸಾಗಿದನು. ಎರಡನೆಯ ಯಾತ್ರೆಯಲ್ಲಿ, 117 ದಿನಗಳ ಕಾಲ ನೆಲದ ಮುಖವನ್ನೇ ಕಾಣದೆ ದಕ್ಷಿಣದ ಹಿಮಸಾಗರಗಳಲ್ಲಿ ಅಲೆದು, 1773ರ ಮಾರ್ಚಿ 26ರಂದು 'ರೆಸಲ್ಯೂಷನ್' ನೌಕೆಯನ್ನು ಇದರೊಳಕ್ಕೆ ತಂದನು. ನೌಕೆಯನ್ನು ದಡಕ್ಕೆ ಎಷ್ಟು ಸಮೀಪವಾಗಿ ಕಟ್ಟಿದರೆಂದರೆ, ನೀರಿನ ಮೇಲೆ ಅಡ್ಡಲಾಗಿ ಬೆಳೆದ ಮರವೊಂದರ ತುದಿ ಹಡಗಿನ ಅಂಚನ್ನೇ ಮುಟ್ಟುತ್ತಿತ್ತು, ಅದೇ ಸೇತುವೆಯಾಯಿತು. ಜ್ಯೋತಿರ್ವಿದನಾದ ವಿಲಿಯಂ ವೇಲ್ಸನು ಸುಮಾರು ಒಂದು ಎಕರೆ ಕಾಡನ್ನು ಕಡಿಸಿ ವೇಧಶಾಲೆಯನ್ನು ಹೂಡಿದನು. ನೌಕೆಯಲ್ಲಿ ತಂದಿದ್ದ ಕೆಂಡಾಲನ ಗಡಿಯಾರವನ್ನು ಆಕಾಶದೊಡನೆ ಹೋಲಿಸಿ ನೋಡುವುದು ಅವನ ಕೆಲಸ. ರೇಖಾಂಶಗಣನೆ ಗಡಿಯಾರದಿಂದ ಸಾಧ್ಯವೆ ಎಂಬ ಪ್ರಶ್ನೆಯ ಪರೀಕ್ಷೆಯಲ್ಲಿ ಈ ನಿರ್ಜನ ಕಾಡಿಗೂ ಒಂದು ಪಾಲು ದೊರೆಯಿತು. ರಿಮು ಮರದ ಚಿಗುರನ್ನೂ ಮನೂಕಾ ಎಲೆಯನ್ನೂ ಕುದಿಸಿ, ಕಾಕಂಬಿ ಸೇರಿಸಿ ಹುಳಿಬರಿಸಿದ ಪಾನೀಯವನ್ನು ನಾವಿಕರಿಗೆ ಕುಡಿಸಿದನು ಕುಕ್ಕನು. ಸ್ಕರ್ವಿ ರೋಗ ತಾಗದಿರಲೆಂದು.

ಈ ಕೊಲ್ಲಿಯನ್ನು ಅವನು 'ಕಂಡುಹಿಡಿದನು' ಎಂಬುದು ಸಲ್ಲದ ಮಾತು. ಅಲ್ಲಿ ಮಾವೋರಿ ಜನರಿದ್ದರು. ಏಪ್ರಿಲಿನಲ್ಲಿ ಒಂದು ದ್ವೀಪದ ಬಂಡೆಯ ಮೇಲೆ ಒಬ್ಬ ಪುರುಷನೂ ಅವನ ಹಿಂದೆ ಇಬ್ಬರು ಸ್ತ್ರೀಯರೂ ನಿಂತಿದ್ದರು. ಕುಕ್ಕನು ಬಂದೂಕವನ್ನು ಬಿಟ್ಟು, ಕೈಯಲ್ಲಿ ಬಿಳಿಯ ಕಾಗದವನ್ನು ಹಿಡಿದು ಒಬ್ಬನೇ ಮುಂದೆ ಹೋದನು. ಹೆದರಿದ್ದ ಆ ಪುರುಷನೊಡನೆ ಮೂಗಿಗೆ ಮೂಗು ತಾಗಿಸಿ ವಂದಿಸಿದನು. ಕೆಲವು ದಿನಗಳ ಮೇಲೆ ಆ ಗೃಹಸ್ಥನು ನೌಕೆಗೆ ಬಂದಾಗ, ಹಸುರು ಕೊಂಬೆಯಿಂದ ಅದರ ಮೈಯನ್ನು ತಟ್ಟಿ, ದೀರ್ಘವಾದ ಮಾತೊಂದನ್ನಾಡಿ, ಬಳಿಕವೇ ಒಳಗೆ ಕಾಲಿಟ್ಟನು. ನಾಗರಿಕತೆಯ ನಡೆ ಯಾರಲ್ಲಿ ಹೆಚ್ಚೆಂಬುದನ್ನು ಓದುವವರೇ ನಿರ್ಣಯಿಸಬಹುದು.

ಕುಕ್ಕನ ವರದಿಯಲ್ಲಿ ಸೀಲ್ ಪ್ರಾಣಿಗಳ ಪ್ರಸ್ತಾಪವಿತ್ತು, ಅಷ್ಟೇ ಸಾಕಾಯಿತು. 1792ರಲ್ಲಿ 'ಬ್ರಿಟಾನಿಯಾ' ಹಡಗು ಆ್ಯಂಕರ್ ದ್ವೀಪದಲ್ಲಿ ತೊಗಲುಬೇಟೆಯ ತಂಡವನ್ನು ಇಳಿಸಿತು. 1795ರಲ್ಲಿ, ಮುಂಬಯಿಯಿಂದ ಸಿಡ್ನಿಗೆ ದನಗಳನ್ನು ಸಾಗಿಸಿದ್ದ 'ಎಂಡೆವರ್' ಎಂಬ ನೌಕೆ (ಕುಕ್ಕನದಲ್ಲ, ಹೆಸರು ಮಾತ್ರ ಒಂದೇ) ಇಲ್ಲಿಯೇ ನಷ್ಟವಾಗಿ, ಜನರಲ್ಲಿ ಕೆಲವರು 1797ರ ವರೆಗೂ ಕಾಯಬೇಕಾಯಿತು.

ನೂರು ವರ್ಷಗಳ ಮೇಲೆ ಬೇರೊಂದು ಬಗೆಯ ಮನುಷ್ಯನು ಬಂದನು. ಮೊಲಗಳನ್ನು ಅಡಗಿಸಲೆಂದು ತಂದುಬಿಟ್ಟ ಸ್ಟೋಟ್ ಎಂಬ ಚಿಕ್ಕ ಹಿಂಸ್ರಪ್ರಾಣಿ, ಹಾರಲಾರದ ಹಕ್ಕಿಗಳನ್ನು ತಿನ್ನತೊಡಗಿತ್ತು. ಕಡಲಿನ ನಡುವಣ ದ್ವೀಪದಲ್ಲಾದರೂ ಅವು ಉಳಿಯಲೆಂದು ರೆಸಲ್ಯೂಷನ್ ದ್ವೀಪವನ್ನು ರಕ್ಷಿತಸ್ಥಾನವನ್ನಾಗಿ ಮಾಡಿ, 1894ರಲ್ಲಿ ರಿಚರ್ಡ್ ಹೆನ್ರಿಯನ್ನು ಪಾಲಕನನ್ನಾಗಿ ನೇಮಿಸಿದರು. ಬಾಯಿಕುಕ್ಕೆ ಕಟ್ಟಿದ ನಾಯಿಯೊಡನೆ ಮಳೆಯಲ್ಲಿ ಕಾಡು ಹೊಕ್ಕು, ಕಾಕಪೋ ಎಂಬ ನಿಶಾಚರ ಗಿಳಿಗಳನ್ನೂ ಕಿವಿ ಹಕ್ಕಿಗಳನ್ನೂ ಹಿಡಿದು, ದೋಣಿಯಲ್ಲಿ ನೂರಾರು ಹಕ್ಕಿಗಳನ್ನು ಅವನು ದಾಟಿಸಿದನು. 1900ರಲ್ಲಿ ಆ ದ್ವೀಪದಲ್ಲಿಯೇ ಸ್ಟೋಟ್ ಕಾಣಿಸಿತು. ಅದು ಈಜಬಲ್ಲ ಪ್ರಾಣಿ; ಆರು ವರ್ಷಗಳ ದುಡಿಮೆ ನೀರುಪಾಲಾಯಿತು. ಆದರೂ ಹೆನ್ರಿ 1908ರ ವರೆಗೆ ಸ್ಥಳ ಬಿಡಲಿಲ್ಲ. ಅವನ ಉಪಾಯವು ತಪ್ಪಾಗಿರಲಿಲ್ಲ, ದ್ವೀಪವು ದಡಕ್ಕೆ ತೀರ ಹತ್ತಿರವಾಗಿತ್ತು, ಅಷ್ಟೆ.

1995ರಲ್ಲಿ ಕಾಕಪೋಗಳು ಜಗತ್ತಿನಲ್ಲೆಲ್ಲ 51 ಮಾತ್ರ ಉಳಿದಿದ್ದುವು. 1975ರಲ್ಲಿ ಫಿಯೋರ್ಡ್‌ಲ್ಯಾಂಡಿನ ಒಂದು ಕಣಿವೆಯಲ್ಲಿ ಸಿಕ್ಕಿದ ಗಂಡುಹಕ್ಕಿಗೆ ರಿಚರ್ಡ್ ಹೆನ್ರಿ ಎಂದೇ ಹೆಸರಿಟ್ಟಿದ್ದರು. 1998ರಲ್ಲಿ ಅದಕ್ಕೆ ಮರಿಗಳಾಗಿ, 2010ರಲ್ಲಿ ಅದು ತೀರಿಕೊಂಡಿತು. ಸೀಲುಗಳ ತೊಗಲು ಸುಲಿದ ಆ ಆ್ಯಂಕರ್ ದ್ವೀಪದಲ್ಲಿ, ಸ್ಟೋಟುಗಳನ್ನು ನಿರ್ಮೂಲ ಮಾಡಿದ ಮೇಲೆ, ಈಗ ಕಾಕಪೋಗಳು ಗೂಡುಕಟ್ಟುತ್ತಿವೆ.